ಎಡಗಾಲಿನ ವಾದ್ಯ

ಐವತ್ತು ದಾಟಿದ ಗಂಡಸಿಗೆ ಯಾವುದಾದರೂ ಒಂದು ಅಂಗ ಕೈಕೊಡುವುದು ಸಹಜ. ಕೆಲವರಿಗೆ ಮಂಡಿ, ಕೆಲವರಿಗೆ ಹಲ್ಲು, ನಮ್ಮ ಶಾಲೆಯ ಕನ್ನಡ ಮಾಸ್ತರರಿಗೆ ನೆನಪು. ನನಗೆ ಕೈಕೊಟ್ಟದ್ದು ಎಡಗಾಲು. ಹಾಗೆಂದ ಕೂಡಲೇ ವಾತ, ಉಳುಕು, ನೋವಿನ ಎಣ್ಣೆ ಎಂದು ಸಲಹೆ ಕೊಡಲು ಬರಬೇಡಿ. ಕಾಲು ಗಟ್ಟಿಯಾಗಿಯೇ ಇದೆ. ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸು ಹೊರಟ ಮೇಲೆ ಓಡಿ ಹತ್ತುವಷ್ಟು ಗಟ್ಟಿ. ಆದರೆ ಆ ಕಾಲನ್ನು ಒಂದು ಕಂಪ್ಯೂಟರು ಕಾಲೆಂದು ಒಪ್ಪಿಕೊಳ್ಳಲಿಲ್ಲ. ಅದು ಒಪ್ಪಿಕೊಳ್ಳುವ ಹೊತ್ತಿಗೆ ನನ್ನ ಮರ್ಯಾದೆ ಎಷ್ಟು ಉಳಿದಿತ್ತು ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಹೆಂಡತಿ ಸುಮಿತ್ರಾ ಹೇಳುತ್ತಾಳೆ, ಅವಳ ಬಾಯಲ್ಲಿ ನಾನು ಇನ್ನೂ ಸ್ವಲ್ಪ ಹೆಚ್ಚು ದಡ್ಡನಾಗಿರುತ್ತೇನೆ.

ನಾನು ವಿಜ್ಞಾನದ ಮಾಸ್ತರ. ಹಿರೇಗುತ್ತಿಯ ಆಚೆ ಒಂದು ಪ್ರೌಢಶಾಲೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ಬೇರೆ ಪಾಠ ಯಾರು ಬೇಕಾದರೂ ಮಾಡಲಿ, ಮೂಢನಂಬಿಕೆಯ ಪಾಠ ಮಾತ್ರ ನನ್ನದೇ. ನಿಂಬೆಹಣ್ಣು ಕೊಯ್ದು ರಕ್ತ ಬರಿಸುತ್ತೇನೆ, ಅಂಗೈ ಮೇಲೆ ಕರ್ಪೂರ ಉರಿಸುತ್ತೇನೆ, ಕೊನೆಗೆ ಎಲ್ಲದರ ಗುಟ್ಟು ಬಿಚ್ಚಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸುತ್ತೇನೆ. 'ಕಾರಣ ಕೇಳದೆ ಕೈ ಮುಗಿಯಬೇಡಿ' ಎಂದು ಪ್ರಯೋಗಶಾಲೆಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದವನೂ ನಾನೇ. ಮನೆಯಲ್ಲಿ ಆಯುಧ ಪೂಜೆಯ ದಿನ ಸುಮಿತ್ರಾ ಮಿಕ್ಸರು, ಇನ್ವರ್ಟರು, ಹೊಲಿಗೆ ಮಷಿನ್ನು ಎಂದು ಒಂದೊಂದಕ್ಕೇ ಕುಂಕುಮ ಹಚ್ಚುತ್ತ ಬರುವಾಗ ನಾನು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, "ಹಲ್ಲುಜ್ಜುವ ಬ್ರಷ್ಷು ಬಿಟ್ಟುಹೋಯಿತಲ್ಲ, ಅದಕ್ಕೂ ಸಿಟ್ಟು ಬಂದೀತು" ಎಂದು ಹಾಸ್ಯ ಮಾಡುತ್ತೇನೆ. ಈ ಹಾಸ್ಯಕ್ಕೆ ಅವಳು ಮದುವೆಯಾದ ವರ್ಷ ನಕ್ಕಿದ್ದಳು. ಆಮೇಲೆ ನಕ್ಕಿಲ್ಲ.

ವಿಜ್ಞಾನಕ್ಕೂ ಮೊದಲು ನಾನು ಚಂಡೆ ಕಲಿಯುತ್ತಿದ್ದೆ ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಕರ್ಕಿಯ ಮಾಬ್ಲಜ್ಜನ ಅಂಗಳದಲ್ಲಿ ಐದು ವರ್ಷ ಕೂತಿದ್ದೆ. ಆಗ ಅವರಿನ್ನೂ ಅಜ್ಜ ಆಗಿರಲಿಲ್ಲ, ಆದರೆ ಸಿಟ್ಟಿನಲ್ಲಿ ಆಗಲೇ ಮುತ್ತಜ್ಜ. ಅವರ ಮೊದಲ ಪಾಠ ತಾಳವಲ್ಲ, ಪೆಟ್ಟಲ್ಲ. ಬಾರಿಸಲು ಕೂರುವ ಮೊದಲು ವಾದ್ಯವನ್ನು ಬಗ್ಗಿ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಕಾಲು ತಾಗಿದರಂತೂ ಆ ಕ್ಷಣವೇ. ಒಂದು ಸಲ ನಾನು ಚಂಡೆಯನ್ನು ದಾಟಿ ನೀರು ಕುಡಿಯಲು ಹೋದಾಗ ಅವರು ನನ್ನ ಕಿವಿ ಹಿಂಡಿದ ರೀತಿ ಹೇಗಿತ್ತೆಂದರೆ, ಇವತ್ತಿಗೂ ಮಳೆಗಾಲದಲ್ಲಿ ಆ ಕಿವಿ ತುರಿಸುತ್ತದೆ. ಐದು ವರ್ಷದ ಕೊನೆಗೆ ನಾನು ಚಂಡೆ ಬಿಟ್ಟು ಕುಮಟೆಯ ಒಂದು ಆರ್ಕೆಸ್ಟ್ರಾ ಸೇರಿ ಡ್ರಮ್ ಸೆಟ್ಟಿನ ಹಿಂದೆ ಕೂತೆ. ಕಾರಣ ವಿಶೇಷವೇನಿಲ್ಲ. ಚಂಡೆಯವರಿಗೆ ಪಂಚೆ, ಡ್ರಮ್ಮಿನವರಿಗೆ ಜೀನ್ಸು ಪ್ಯಾಂಟು, ನನಗಾಗ ಇಪ್ಪತ್ತೊಂದು ವಯಸ್ಸು. ಸುದ್ದಿ ಕೇಳಿದ ಗುರುಗಳು ಒಂದೇ ಮಾತು ಹೇಳಿದ್ದರು: "ಕಾಲಲ್ಲಿ ತುಳ್ದು ಬಾರ್ಸೂದೂ ಒಂದು ವಾದ್ಯವನ ಮಾರಾಯ? ಹೋಗು, ಒದ್ಕಂಡು ತಿರ್ಗು." ಆಮೇಲೆ ದಾರಿಯಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಿದ್ದರು, ಮಕ್ಕಳ ಓದು ಕೇಳುತ್ತಿದ್ದರು, ಆದರೆ ನನ್ನ ಬಾರಿಸುವಿಕೆಯ ಸುದ್ದಿ ಮಾತ್ರ ಅಪ್ಪಿತಪ್ಪಿಯೂ ಎತ್ತಲಿಲ್ಲ. ಮೂವತ್ತಮೂರು ವರ್ಷ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಮದುವೆಯಾದ ಮೇಲೆ ಡ್ರಮ್ಮು ಅಟ್ಟ ಸೇರಿತು, ಅಟ್ಟದಿಂದ ಶಾಮಿಯಾನದವರ ಪಾಲಾಯಿತು. ಚಪಲ ಮಾತ್ರ ನನ್ನ ಬಳಿಯೇ ಉಳಿಯಿತು. ಕಳೆದ ವರ್ಷ ದಸರೆಗೆ ಮೊದಲು ಭಟ್ಕಳದ ಇಲಿಯಾಸ್ ಸಾಹೇಬರು ಫೋನ್ ಮಾಡಿದರು. ಇವರು ದುಬೈಯಲ್ಲಿ ಬಹಳ ವರ್ಷ ದುಡಿದು ಬಂದು ಈಗ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ ಇಟ್ಟವರು, ನನ್ನ ಹಳೆಯ ಸ್ನೇಹಿತರು. "ಮಾಸ್ತರೇ, ನಮ್ಮ ಅಣ್ಣನ ಮಗ ಅಲ್ಲಿಂದ ಕರೆಂಟಿನ ಡ್ರಮ್ ತಂದು ಇಲ್ಲಿ ಬಿಟ್ಟು ಹೋಗಿದಾನೆ. ಹೆಡ್‌ಫೋನ್ ಹಾಕಿದ್ರೆ ಪಕ್ಕದ ಮನೆಗಲ್ಲ, ಪಕ್ಕದ ಕುರ್ಚಿಗೂ ಕೇಳೂದಿಲ್ಲ. ಫಸ್ಟ್ ಕ್ಲಾಸ್ ಮಾಲು" ಎಂದರು. ಆ ವಾರವೇ ಅದು ಟೆಂಪೋದಲ್ಲಿ ಹೊನ್ನಾವರಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಕೂತಿತು. ಕಪ್ಪು ರಬ್ಬರಿನ ತಟ್ಟೆಗಳು, ಕಬ್ಬಿಣದ ಕೊಳವೆಗಳು, ಸುತ್ತ ವಯರುಗಳು. ನೋಡಿದ ಸುಮಿತ್ರಾ, "ಎಂತ ಇದು? ಬಟ್ಟೆ ಒಣಗ್ಸೂಕೆ ಚೊಲೋ ಆತು" ಎಂದಳು. ಮಾತು ಹಾಗಿದ್ದರೂ ಆಯುಧ ಪೂಜೆಯ ದಿನ ಪ್ರತಿ ತಟ್ಟೆಗೂ, ಎರಡು ಪೆಡಲ್ಲಿಗೂ ಕುಂಕುಮ ಹಚ್ಚಿ ಒಂದೊಂದು ಸೇವಂತಿಗೆ ಇಟ್ಟಳು. ನಾನು ಬ್ರಷ್ಷಿನ ಹಾಸ್ಯ ಮಾಡಿದೆ.

ಈ ಸೆಟ್ಟಿನಲ್ಲಿ ಹೈ-ಹ್ಯಾಟ್ ಎಂಬುದೊಂದಿದೆ, ನನ್ನ ಗೋಳೆಲ್ಲ ಅದರದ್ದೇ. ಅಸಲು ಡ್ರಮ್ಮಿನಲ್ಲಿ ಅದು ಕಂಚಿನ ಎರಡು ದೊಡ್ಡ ತಾಳಗಳಂತೆ ಒಂದರ ಮೇಲೊಂದು ಕೂತಿರುತ್ತದೆ. ಎಡಗಾಲಲ್ಲಿ ಪೆಡಲ್ ಒತ್ತಿದರೆ ಎರಡೂ ಕಚ್ಚಿಕೊಳ್ಳುತ್ತವೆ, ಕೋಲು ಬಿದ್ದರೆ 'ಟಿಕ್'. ಕಾಲು ಬಿಟ್ಟರೆ ತೆರೆದುಕೊಳ್ಳುತ್ತವೆ, ಆಗ 'ಛೀ'. ಕಾಲು ಅರ್ಧ ಸಡಿಲಿಸಿದರೆ ಎರಡೂ ಒಂದಕ್ಕೊಂದು ಸವರಿಕೊಂಡು 'ಸ್ಸ್‌ಸ್' ಎಂದು ದೋಸೆ ಕಾವಲಿಯ ಸದ್ದು ಬರುತ್ತದೆ. ಹಾಡಿನ ಜೀವವಿರುವುದು ಈ ಅರ್ಧದಲ್ಲಿ. ಕರೆಂಟಿನ ಸೆಟ್ಟಿನಲ್ಲಿ ಕಂಚೂ ಇಲ್ಲ, ತಾಳವೂ ಇಲ್ಲ, ಒಂದು ರಬ್ಬರಿನ ತಟ್ಟೆ ಮತ್ತು ನೆಲದ ಮೇಲೆ ಒಂದು ಪೆಡಲ್. ಪೆಡಲ್ ಎಷ್ಟು ಒತ್ತಿದ್ದೀರಿ ಎಂಬುದು ಸೊನ್ನೆಯಿಂದ ನೂರ ಇಪ್ಪತ್ತೇಳರವರೆಗಿನ ಒಂದು ಅಂಕಿಯಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅಲ್ಲಿರುವ ಸಂಗೀತದ ಸಾಫ್ಟ್‌ವೇರು ಆ ಅಂಕಿ ನೋಡಿ ಟಿಕ್ಕೋ ಛೀಯೋ ನಿರ್ಧರಿಸುತ್ತದೆ. ಆದರೆ ನಿಮ್ಮ ಕಾಲಿನ ಪೂರ್ತಿ ಒತ್ತು ಎಂದರೆ ಎಷ್ಟು ಎಂದು ಅದಕ್ಕೆ ಮೊದಲು ಕಲಿಸಬೇಕು. ಪರದೆಯ ಮೇಲೆ 'ಕಲಿ' ಎಂಬರ್ಥದ ಒಂದು ಗುಂಡಿ ಇದೆ. ಅದನ್ನು ಒತ್ತಿ, ಒಂದೇ ಒಂದು ಸಲ ಪೆಡಲ್ ಪೂರ್ತಿ ತುಳಿದು ಬಿಟ್ಟರೆ ಅದು ಕಲಿತುಕೊಳ್ಳುತ್ತದೆ. ನನ್ನ ಹತ್ತನೇ ತರಗತಿಯ ಎಷ್ಟೋ ಮಕ್ಕಳಿಗಿಂತ ಜಾಣ ಎಂದು ನಾನು ಸಂತೋಷಪಟ್ಟೆ.

ನವೆಂಬರಿನಲ್ಲಿ ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಮಾತು ಬಂತು. ಈ ಸಲ ಮಾಬ್ಲಜ್ಜನಿಗೆ ಸನ್ಮಾನ ಎಂದು ನಿರ್ಧಾರವಾಯಿತು. ಸನ್ಮಾನದ ನಂತರ ಶಿಕ್ಷಕರಿಂದ ಹಾಡು, ಹಾಡಿಗೆ ಡ್ರಮ್ಮು ನನ್ನದು ಎಂದು ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಘೋಷಿಸಿದೆ. ಗುರುಗಳು ಎದುರಿನ ಸಾಲಿನಲ್ಲಿ ಕೂತಿರುತ್ತಾರೆ, ಏಳಲೂ ಆಗದಂತೆ ಮಡಿಲಲ್ಲಿ ಹಣ್ಣಿನ ಬುಟ್ಟಿ ಇರುತ್ತದೆ, ಒಂದು ಸಲವಾದರೂ ನನ್ನನ್ನು ಕೇಳಲೇಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಬಾಯಿಂದ 'ಅಡ್ಡಿಲ್ಲ' ಎಂಬ ಒಂದು ಶಬ್ದಕ್ಕಾಗಿ ನಾನು ಮುದುಕನಾಗುವವರೆಗೆ ಕಾದಿದ್ದೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಪಿ.ಟಿ. ಮಾಸ್ತರರು ಮಾತ್ರ, "ಡ್ರಮ್ ಸರಿಯಾಗದಿದ್ರೆ ಹೇಳಿ ಸಾರ್, ನನ್ನ ಮೊಬೈಲಲ್ಲಿ ಟ್ರ್ಯಾಕ್ ಇದೆ, ಹಾಕಿಬಿಡುವಾ" ಎಂದರು. ಸಹಾಯ ಮಾಡುವವರ ಮುಖದಲ್ಲಿ ಅಷ್ಟು ಖುಷಿ ಇರಬಾರದು.

ಮುಂದಿನ ಭಾನುವಾರ ಬೆಳಿಗ್ಗೆ ಸೆಟ್ಟನ್ನು ಮೊದಲ ಸಲ ಲ್ಯಾಪ್‌ಟಾಪಿಗೆ ಜೋಡಿಸಿ, 'ಕಲಿ' ಒತ್ತಿ, ಪೆಡಲ್ ತುಳಿದೆ. ಕಲಿತೆ ಎಂದಿತು. ಬಾರಿಸಿದರೆ ಬರೀ ಟಿಕ್ ಟಿಕ್ ಟಿಕ್. ಕಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟರೂ ಟಿಕ್. ಪೂರ್ತಿ ಎತ್ತಿದರೆ ಛೀ. ನಡುವೆ ಏನೂ ಇಲ್ಲ. ಪರದೆ ನೋಡಿದರೆ ನನ್ನ ಪೂರ್ತಿ ಒತ್ತು ಇಪ್ಪತ್ತೆರಡು ಎಂದು ಬರೆದುಕೊಂಡಿತ್ತು. ಎಪ್ಪತ್ತೆಂಟು ಕಿಲೋ ತೂಕದ ಮನುಷ್ಯನಿಗೆ ಇಪ್ಪತ್ತೆರಡು! ಮತ್ತೆ ಕಲಿಸಿದೆ, ಇಪ್ಪತ್ನಾಲ್ಕು. ಮತ್ತೆ, ಹತ್ತೊಂಬತ್ತು. ಆ ಭಾನುವಾರ ನಾನು ಅದನ್ನು ಸಿಟ್ಟಿನಿಂದ ಎಷ್ಟು ತುಳಿದೆನೆಂದರೆ, ಕೆಳಗಿನ ಚಾಪೆಯಲ್ಲಿ ಪೆಡಲಿನ ಅಚ್ಚು ಬಿತ್ತು. ಅಂಕಿ ಮೂವತ್ತು ದಾಟಲಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳಿದೆ. ಅಲ್ಲಿನ ಪಂಡಿತರಲ್ಲಿ ಒಬ್ಬ ವಯರು ಬದಲಿಸು ಎಂದ, ಒಬ್ಬ ಕಂಪ್ಯೂಟರು ಬದಲಿಸು ಎಂದ, ಇನ್ನೊಬ್ಬ ಏಳು ವರ್ಷದ ಹಿಂದೆ ಇದೇ ತೊಂದರೆ ತನಗೂ ಆಗಿತ್ತೆಂದೂ ಈಗ ಸರಿಯಾಗಿದೆ, ಎಲ್ಲರಿಗೂ ಧನ್ಯವಾದ ಎಂದೂ ಬರೆದು ಹೋಗಿದ್ದ. ಹೇಗೆ ಸರಿಯಾಯಿತು ಎಂದು ಬರೆಯದ ಆ ಮಹಾಶಯನಿಗೆ ನನ್ನ ಶಾಪವಿದೆ. ವಿಜ್ಞಾನದ ಮಾಸ್ತರರ ಶಾಪ ತಟ್ಟುವುದಿಲ್ಲ ಎಂಬ ಧೈರ್ಯ ಅವನಿಗೆ ಬೇಡ.

ಕೊನೆಗೆ ವೈಜ್ಞಾನಿಕವಾಗಿ ಯೋಚಿಸಿದೆ. ಅಂಗಡಿಯಲ್ಲಿ ಸರಿಯಿದ್ದ ವಸ್ತು ಮನೆಗೆ ಬಂದು ಕೆಟ್ಟಿದೆ. ಮನೆಯಲ್ಲಿ ಅದಕ್ಕೆ ಆದದ್ದೇನು? ಕುಂಕುಮ! ಪೆಡಲಿನ ಸಂದಿಯಲ್ಲಿ ಕುಂಕುಮ ಇಳಿದು ಒಳಗಿನ ಸೆನ್ಸರಿಗೆ ಹಿಡಿದಿದೆ. ಕಾರಣ ಸಿಕ್ಕಿದ ಸಂತೋಷದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹತ್ತು ನಿಮಿಷದ ಪಾಠ ಮಾಡಿದೆ. ಮೂಢನಂಬಿಕೆಯಿಂದ ದೇಶಕ್ಕೆ ಆದ ನಷ್ಟ, ಮನೆಗೆ ಆದ ನಷ್ಟ, ಮುಖ್ಯವಾಗಿ ಗ್ಯಾದರಿಂಗಿನಲ್ಲಿ ನನಗೆ ಆಗಲಿರುವ ಅವಮಾನ. ಸುಮಿತ್ರಾ ಬಂಗಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದವಳು ಕೈ ತೊಳೆದು ತಿರುಗಿ ನಿಂತಳು. "ಚೊಲೋದಾಗ್ಲಿ ಅಂತ ಹಚ್ಚಿದ್ದು. ಇನ್ನು ನಿಮ್ಮ ಸಾಮಾನು ಮುಟ್ಟೂದಿಲ್ಲ, ಅದ್ರ ಸುದ್ದಿಗೂ ಬರೂದಿಲ್ಲ, ಆತಾ?" ಎಂದಳು. ದನಿ ಏರಿಸಲಿಲ್ಲ, ಅದೇ ಕೆಟ್ಟ ಲಕ್ಷಣ. ನಾನು ಪೆಡಲ್ ಬಿಚ್ಚಿದೆ. ಒಳಗೆ ಕುಂಕುಮದ ಒಂದು ಕಣವೂ ಇರಲಿಲ್ಲ, ದುಬೈಯ ಒಂದಿಷ್ಟು ಮರಳಿತ್ತು. ಇದನ್ನು ಅವಳಿಗೆ ಹೇಳುವುದು ಧರ್ಮವಾಗಿತ್ತು, ಹೇಳಲಿಲ್ಲ. ಮೂರು ದಿನ ನನ್ನ ತಟ್ಟೆಗೆ ಗಂಜಿ ಮತ್ತು ಉಪ್ಪಿನಕಾಯಿ ಬಂತು.

ನಾಲ್ಕನೆಯ ದಿನ ಲ್ಯಾಪ್‌ಟಾಪು, ಪೆಡಲ್ಲು, ಹೈ-ಹ್ಯಾಟಿನ ತಟ್ಟೆ, ವಯರುಗಳು ಸೇರುವ ಡಬ್ಬಿ ಎಲ್ಲ ಚೀಲಕ್ಕೆ ತುಂಬಿ ಭಟ್ಕಳದ ಬಸ್ಸು ಹತ್ತಿದೆ. ಇಲಿಯಾಸ್ ಸಾಹೇಬರು ಚಹಾ ತರಿಸಿ, ಬನ್ನು ತರಿಸಿ, ನನ್ನ ದೂರನ್ನೆಲ್ಲ ಕೇಳಿ, 'ಕಲಿ' ಒತ್ತಿ, ಕೂತಲ್ಲಿಂದಲೇ ಚಪ್ಪಲಿ ಕಾಲಿನಲ್ಲಿ ಪೆಡಲನ್ನು ಒಂದು ಸಲ ಅದುಮಿದರು. ನೂರ ಹದಿನೆಂಟು. ಪೆಡಲನ್ನು ಅರ್ಧ ಬಿಟ್ಟು ತಟ್ಟೆಗೆ ಬಡಿದರೆ 'ಸ್ಸ್‌ಸ್', ಆ ದೋಸೆ ಕಾವಲಿಯ ಸದ್ದು, ಅಂಗಡಿ ತುಂಬ. "ಎಂತ ಆಗಿದೆ ಮಾಸ್ತರೇ? ಚಿನ್ನದ ಹಾಗೆ ಇದೆ. ನಿಮ್ಮ ಮನೇಲೇ ಎಂತೋ ಇರಬೇಕು" ಎಂದು ನಕ್ಕರು. ನಾನೂ ನಕ್ಕೆ. ಅಲ್ಲಿಗೇ ಬಿಟ್ಟಿದ್ದರೆ ಈ ಕತೆ ಮುಗಿಯುತ್ತಿತ್ತು. ಆದರೆ ಬಸ್ಸಿನಲ್ಲಿ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಒಮ್ಮೆ ಬಂದ ಫಲಿತಾಂಶ ಫಲಿತಾಂಶವೇ ಅಲ್ಲ, ಪ್ರಯೋಗವನ್ನು ಮತ್ತೆ ಮಾಡಿ ನೋಡಬೇಕು ಎಂದ. ಅಲ್ಲದೆ ಅದು ಇಲಿಯಾಸರ ಕಾಲು, ಬಾರಿಸುವುದು ನನ್ನ ಕಾಲು. ಮನೆಗೆ ಬಂದು ಜೋಡಿಸಿ ಮತ್ತೆ 'ಕಲಿ' ಒತ್ತಿದೆ. ಇಪ್ಪತ್ತೊಂದು.

ಅದೇ ಹೊತ್ತಿಗೆ ಪಿ.ಟಿ. ಮಾಸ್ತರರ ಮೆಸೇಜು ಬಂತು: 'ಟ್ರ್ಯಾಕ್ ರೆಡಿ ಇದೆ ಸಾರ್.' ಗ್ಯಾದರಿಂಗಿಗೆ ಐದೇ ದಿನ ಉಳಿದಿತ್ತು. ನಾನು ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದೆ. ಮನೆಯ ಕರೆಂಟು ಸರಿಯಿಲ್ಲ, ಸಮುದ್ರದ ಉಪ್ಪುಗಾಳಿ ಸರಿಯಿಲ್ಲ, ನೆಲ ಸಮನಾಗಿಲ್ಲ ಎಂದು ಗೊಣಗಿದೆ. ವಾಸ್ತು ಒಂದು ಬಿಟ್ಟು ಎಲ್ಲ ಹೇಳಿ ಮುಗಿಸಿದೆ ಎಂದುಕೊಳ್ಳಿ. ಪಡಸಾಲೆಯ ಇನ್ನೊಂದು ತುದಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಸುಮಿತ್ರಾ ತಲೆ ಎತ್ತದೆಯೇ, "ಕಾಲಿಡೂಕೆ ಮೊದ್ಲು ಅದ್ಕೆ ಎಂತಕ್ಕೆ ನಮಸ್ಕಾರ ಮಾಡ್ತ್ರಿ?" ಎಂದಳು.

"ಯಾರು? ನಾನಾ? ನಮಸ್ಕಾರವಾ?"

"ಮತ್ಯಾರು ಮಾಡ್ತ್ರು? ಆ ಗುಂಡಿ ಒತ್ತೂದು, ಬಗ್ಗಿ ಪೆಡಲ್ ಮುಟ್ಟೂದು, ಕಣ್ಣಿಗೆ ಒತ್ಕಂಬುದು, ಆಮೇಲೆ ತುಳಿಯೂದು. ದಿವ್ಸಾ ನೋಡ್ತಾ ಇದ್ದೆ."

ಸುಳ್ಳು ಎಂದು ಸಾಧಿಸಲು ಅವಳೆದುರೇ ಮತ್ತೆ 'ಕಲಿ' ಒತ್ತಿದೆ. ನನ್ನ ಬಲಗೈ ನನ್ನನ್ನು ಕೇಳಲೇ ಇಲ್ಲ. ತಾನಾಗಿ ಇಳಿದು, ಎರಡು ಬೆರಳಿನಿಂದ ಪೆಡಲ್ ಮುಟ್ಟಿ, ಕಣ್ಣಿಗೆ ಬಂತು. ತಲೆ ಬಾಗಿತ್ತು. ಆ ಬಾಗಿದ ತಲೆಯನ್ನು ಈ ಸಲ ಹಾಗೇ ಓರೆ ಮಾಡಿ ಪರದೆ ನೋಡಿದೆ. ಕಾಲು ಪೆಡಲಿನ ಮೇಲೆ ಬೀಳುವ ಮೊದಲೇ ಅಲ್ಲಿ 'ಕಲಿತೆ' ಎಂದು ಬಂದಾಗಿತ್ತು. ಇಪ್ಪತ್ತೆರಡು. ಅದು ನನ್ನ ಕಾಲಿನ ತೂಕವಲ್ಲ, ನನ್ನ ಭಕ್ತಿಯ ತೂಕ. ಸಾಫ್ಟ್‌ವೇರು ಪಾಪ ಮೊದಲ ಸಲ ಒತ್ತಿ ಬಿಟ್ಟದ್ದನ್ನೇ ಪೂರ್ತಿ ಒತ್ತು ಎಂದು ನಂಬಿ ಬರೆದುಕೊಳ್ಳುತ್ತಿತ್ತು, ಆಮೇಲೆ ನಾನು ಎಷ್ಟು ತುಳಿದರೂ ಅದರ ಪಾಠ ಮುಗಿದಿತ್ತು. ಇಲಿಯಾಸ್ ಸಾಹೇಬರ ಚಪ್ಪಲಿ ಕಾಲಿಗೆ ಈ ತೊಡಕೇ ಇರಲಿಲ್ಲ. ಮುಟ್ಟದೆ ತುಳಿದು ನೋಡಿದೆ, ನೂರ ಇಪ್ಪತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಪ್ರಯೋಗಶಾಲೆಯ ಬಾಗಿಲ ಮೇಲೆ ಆ ವಾಕ್ಯ ಬರೆಸಿದ ಮನುಷ್ಯ ದಿನಕ್ಕೆ ಹತ್ತು ಸಲ ರಬ್ಬರಿನ ಪೆಡಲ್ಲಿಗೆ ಕೈ ಮುಗಿದಿದ್ದ, ಅದೂ ತನಗೇ ತಿಳಿಯದ ಹಾಗೆ, ಮತ್ತು ಅದರ ಪಾಪವನ್ನು ಹೆಂಡತಿಯ ಕುಂಕುಮದ ತಲೆಗೆ ಕಟ್ಟಿದ್ದ.

"ಯಾವಾಗ ಗೊತ್ತಾಯಿತು ನಿನಗೆ?" ಎಂದು ಕೇಳಿದೆ.

"ಮೊದ್ಲ ಆಯ್ತವಾರವೇ."

"ಹೇಳಬಾರದಿತ್ತಾ?"

"ನಿಮ್ಮ ಸಾಮಾನಿನ ಸುದ್ದಿಗೆ ಬರೂದಿಲ್ಲ ಅಂದಿದ್ನಲ್ಲ." ಅವಳು ಬಸಳೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಪೆಡಲಿನೊಳಗೆ ಕುಂಕುಮ ಇರಲಿಲ್ಲ ಎಂದು ಆಗ ಹಿಂದಿನಿಂದ ಕೂಗಿ ಹೇಳಿದೆ. "ಅದೂ ಗೊತ್ತಿತ್ತು" ಎಂಬ ಉತ್ತರ ಬಂತು.

ಗ್ಯಾದರಿಂಗಿನ ದಿನ ಲ್ಯಾಪ್‌ಟಾಪಿನ ಅಂಚಿಗೆ 'ಮುಟ್ಟಬೇಡ' ಎಂದು ಬರೆದ ಚೀಟಿ ಅಂಟಿಸಿಕೊಂಡು ವೇದಿಕೆ ಹತ್ತಿದೆ. ಹಲಗೆಯ ವೇದಿಕೆಯಲ್ಲಿ ಮತ್ತೊಮ್ಮೆ ಕಲಿಸಬೇಕಿತ್ತು. ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿ ಅದರ ಮೇಲೆ ಕೂತು, ಎಡಗೈಯಿಂದ 'ಕಲಿ' ಒತ್ತಿ, ಎಡಗಾಲಿನಲ್ಲಿ ತುಳಿದೆ. ನೂರ ಹತ್ತೊಂಬತ್ತು. ಎದುರಿಗೆ ಮಾಬ್ಲಜ್ಜ, ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ, ಕಣ್ಣು ನನ್ನ ಮೇಲೆಯೇ. ಕನ್ನಡ ಮಾಸ್ತರರು ಎರಡನೆಯ ಚರಣ ಮರೆತು ಮೊದಲನೆಯದನ್ನೇ ಎರಡು ಸಲ ಹಾಡಿದರು ಎಂಬುದು ಬಿಟ್ಟರೆ ಎಲ್ಲ ಸುಸೂತ್ರ. ಟಿಕ್ ಬೇಕಾದಲ್ಲಿ ಟಿಕ್, ಛೀ ಬೇಕಾದಲ್ಲಿ ಛೀ, ನಡುವಿನ ಆ 'ಸ್ಸ್‌ಸ್' ಎಳೆದಷ್ಟು ಬಂತು. ನಾನು ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಪಿ.ಟಿ. ಮಾಸ್ತರರು ಮೊಬೈಲನ್ನು ಜೇಬಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದೆ.

ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಕಾಲು ಮುಟ್ಟಿದೆ. ಗುರುಗಳು ನನ್ನ ತಲೆ ಮೇಲೆ ಕೈ ಇಟ್ಟರು. "ಅಡ್ಡಿಲ್ಲ" ಎಂದರು. ನಾನು ಇನ್ನೊಮ್ಮೆ ಕಾಲು ಮುಟ್ಟಲು ಬಗ್ಗಿದೆ. ಅಷ್ಟರಲ್ಲಿ ಅವರು ಮುಂದುವರಿಸಿದರು: "ಕೈ ಅಡ್ಡಿಲ್ಲ, ಕಾಲೂ ಅಡ್ಡಿಲ್ಲ. ಆದ್ರೆ ವಾದ್ಯ ಮುಟ್ಟಿ ನಮಸ್ಕಾರ ಮಾಡ್ದೇ ಕಾಲಿಟ್ಯಲ್ಲ ಮಾರಾಯ. ಐದು ವರ್ಷ ಕಲ್ಸಿದ್ದೆ, ಅದ್ರಲ್ಲಿ ನಿಂಗೆ ಬಂದದ್ದು ಅದೊಂದೇ ಆಗಿತ್ತು. ಅದನ್ನೂ ಬಿಟ್ಯ?"

ನಾನು ಕಂಗಾಲಾಗಿ ಸಾಫ್ಟ್‌ವೇರು, ಅಂಕಿ, ಸೆನ್ಸರು, ಇಪ್ಪತ್ತೆರಡು, ನೂರ ಹತ್ತೊಂಬತ್ತು ಎಂದು ಎಲ್ಲ ಬಿಡಿಸಿ ಹೇಳಿದೆ. ಅವರು ಬುಟ್ಟಿಯೊಳಗಿನ ಮೂಸಂಬಿಯನ್ನು ಒತ್ತಿ ನೋಡುತ್ತ ತಾಳ್ಮೆಯಿಂದ ಕೇಳಿದರು. "ಹಂಗಾರೆ ಮೊದ್ಲು ನಮಸ್ಕಾರ ಮಾಡು, ಆಮೇಲೆ ಆ ಗುಂಡಿ ಒತ್ತು. ಇಷ್ಟೂ ಹೊಳೀಲಿಲ್ವನ ಸಾಯನ್ಸ್ ಮಾಸ್ತರಿಗೆ?" ಎಂದರು. ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ನಕ್ಕರು, ಪಿ.ಟಿ. ಮಾಸ್ತರರು ನಕ್ಕರು, ಎರಡು ಹೆಜ್ಜೆ ಹಿಂದೆ ನಿಂತಿದ್ದ ಸುಮಿತ್ರಾ ಮದುವೆಯಾದ ವರ್ಷ ನಕ್ಕಿದ್ದಳಲ್ಲ, ಹಾಗೆ ನಕ್ಕಳು.

ಮೊನ್ನೆ ಮತ್ತೆ ಆಯುಧ ಪೂಜೆ ಬಂತು. ಸುಮಿತ್ರಾ ಮಿಕ್ಸರು, ಇನ್ವರ್ಟರು, ಹೊಲಿಗೆ ಮಷಿನ್ನು ಎಲ್ಲಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಡ್ರಮ್ಮಿನ ಹತ್ತಿರ ಬಂದವಳು ಅದನ್ನು ಮುಟ್ಟದೆ ಸುತ್ತಿಕೊಂಡು ಮುಂದೆ ಹೋದಳು. ನಾನು ಕುರ್ಚಿಯಲ್ಲಿ ಕಾದು ಕೂತಿದ್ದೆ. ಬ್ರಷ್ಷಿನ ಹಾಸ್ಯ ಬಾಯಿಯ ತನಕ ಬಂದು ಹಾಗೇ ಒಳಗೆ ಹೋಯಿತು. ಎಲ್ಲದರ ನಡುವೆ ಅದೊಂದು ಬೋಳುಬೋಳಾಗಿ ನಿಂತಿರುವುದು ನೋಡಲು ಆಗಲಿಲ್ಲ. ಅವಳು ಪಾಯಸ ತಿರುಗಿಸಲು ಒಳಗೆ ಹೋದದ್ದೇ ತಡ, ದೇವರ ಮುಂದಿನ ಭರಣಿಯಿಂದ ಒಂದಿಷ್ಟು ಕುಂಕುಮ ತೆಗೆದು ಪ್ರತಿ ತಟ್ಟೆಗೂ ಹಚ್ಚಿದೆ. ಎಡಗಾಲಿನ ಪೆಡಲ್ಲಿಗೆ ಸ್ವಲ್ಪ ಹೆಚ್ಚೇ ಹಚ್ಚಿದೆ. ಏನೂ ಆಗದವನಂತೆ ಬಂದು ಕುರ್ಚಿಯಲ್ಲಿ ಕೂತು ಪೇಪರು ಹಿಡಿದೆ. ಅವಳು ಪಾಯಸದ ಬಟ್ಟಲು ತಂದು ಕೊಟ್ಟಳು. ತೆಗೆದುಕೊಳ್ಳಲು ಕೈ ಚಾಚಿದೆ. ಉಂಗುರದ ಬೆರಳು ತುದಿಯಿಂದ ಗೆಣ್ಣಿನವರೆಗೆ ಕೆಂಪಗಿತ್ತು. ಅವಳು ಬೆರಳನ್ನು ನೋಡಿದಳು, ಡ್ರಮ್ಮನ್ನು ನೋಡಿದಳು, ಮತ್ತೆ ಬೆರಳನ್ನು ನೋಡಿದಳು.

"ಹಲ್ಲುಜ್ಜೂ ಬ್ರಷ್ಷಿಗೂ ಹಚ್ಚಿದ್ರಾ?" ಎಂದಳು.